ನಳದ ನೀರು, ನನ್ನ ಅಂಗಿ

ನೀರು ಬಿಡುವ ಕೆಲಸದಲ್ಲಿರುವವನು ನಗುವುದಕ್ಕೆ ಬೇರೆ ಕಡೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಳ ಇದ್ದಲ್ಲಿ ಕೊಡಗಳು ಬರುತ್ತವೆ, ಕೊಡದ ಹಿಂದೆ ಮಂದಿ ಬರುತ್ತಾರೆ, ಮಂದಿ ನಿಂತು ಕಾಯುವಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಗಜೇಂದ್ರಗಡ, ನರಗುಂದ, ಈಗ ರೋಣ, ಹೀಗೆ ಮೂರೂರಿನ ನೀರಿಗೆ ಬ್ಲೀಚಿಂಗ್ ಪುಡಿ ಕಲಸುತ್ತ, ವಾಲ್ ತಿರುವುತ್ತ ನನ್ನ ಇಪ್ಪತ್ತೆಂಟು ವರ್ಷ ಕಳೆದವು.

ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ನಾನು ಸ್ವಲ್ಪ ಕನಸುಗಾರ. ಪೈಪು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ನಮ್ಮ ಹತ್ತಿರ ಒಂದು ಕಬ್ಬಿಣದ ಸಲಾಕೆ ಇರುತ್ತದೆ. ಒಂದು ತುದಿಯನ್ನು ಪೈಪಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿದರೆ ನೆಲದೊಳಗೆ ನೀರು ಹೋಗುವ ಸಪ್ಪಳ ಕೇಳುತ್ತದೆ. ಉಳಿದವರು ಅರ್ಧ ನಿಮಿಷ ಕೇಳಿ ಎದ್ದು ಬಿಡುತ್ತಾರೆ. ನಾನು ಕೂತರೆ ಕೂತೆ. ಮಲಪ್ರಭೆಯ ನೀರು ಎರೆಹೊಲದ ಕೆಳಗೆ, ಜೋಳದ ಬೇರಿನ ಕೆಳಗೆ ಹಾದು, ಕತ್ತಲಲ್ಲಿ ಒಂದೊಂದೇ ಓಣಿಯನ್ನು ಹುಡುಕಿಕೊಂಡು ಬಂದು, ಯಾರದೋ ಅಡುಗೆಮನೆಯಲ್ಲಿ ಮೊದಲ ಸಲ ಬೆಳಕು ಕಾಣುವುದನ್ನು ಕಣ್ಣು ಮುಚ್ಚಿಕೊಂಡು ನೋಡುತ್ತಿರುತ್ತೇನೆ. ಸಲಾಕೆಗೆ ಕಿವಿ ಹಚ್ಚಿಕೊಂಡು ನಿದ್ದೆ ಮಾಡುತ್ತಾನೆ ಎಂದು ನನ್ನ ಮೇಲೆ ಎರಡು ಸಲ ತಕರಾರು ಹೋಗಿದೆ. ಎರಡನೇ ಸಲದ್ದು ಖರೇ ಇತ್ತು.

ಇಷ್ಟು ಪ್ರೀತಿಯಿಂದ ಊರಿಗೆಲ್ಲ ನೀರು ಕುಡಿಸಿದ ನನಗೆ ಒಂದೇ ಒಂದು ಕೊರಗಿತ್ತು. ನನ್ನ ಹೆಂಡತಿ ಆ ನೀರು ಕುಡಿಯುತ್ತಿರಲಿಲ್ಲ.

ಮದುವೆಯಾದ ಮೊದಲ ವಾರವೇ ಆಕೆ ಎರಡು ಕಾನೂನು ಮಾಡಿದಳು. ಒಂದು, ಬ್ಲೀಚಿಂಗ್ ವಾಸನೆಯ ಅಂಗಿಯನ್ನು ಹೊರಗೆ ಬೇವಿನ ಗಿಡಕ್ಕೆ ತೂಗುಹಾಕಿ ಒಳಗೆ ಬರಬೇಕು. ಎರಡು, ನಳದ ನೀರು ಬಳಸಲಿಕ್ಕೆ, ಕೆರೆಯ ನೀರು ಕುಡಿಯಲಿಕ್ಕೆ. ಯಾವ ಊರಿಗೆ ವರ್ಗವಾದರೂ ಸಾಮಾನು ಇಳಿಸುವ ಮೊದಲು ಆ ಊರಿನ ಕೆರೆ ಯಾವ ದಿಕ್ಕಿಗಿದೆ ಎಂದು ಕೇಳುತ್ತಿದ್ದಳು. ನಾನು ವಾದ ಮಾಡಿದರೆ ಒಂದೇ ಉತ್ತರ. "ಔಷಧ ಹಾಕಿದ ನೀರು ಜಡ್ಡಿನವ್ರಿಗ್ರಿ. ನಮಗೇನಾಗೈತಿ?"

ಆಗುವುದು ಮಳೆಗಾಲಕ್ಕೆ ಆಗುತ್ತಿತ್ತು. ಕೆರೆಗೆ ಹೊಸ ನೀರು ಬಂದ ಮೂರು ವಾರಕ್ಕೆ ಸರಿಯಾಗಿ ಆಕೆಯ ಹೊಟ್ಟೆ ಕೆಡುತ್ತಿತ್ತು. ದವಾಖಾನಿ, ಸಲೈನ್, ಮೂರು ದಿನ ಗಂಜಿ. ಕಳೆದ ವರ್ಷ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಮ್ಮೆ ಹಿಂಗಾದ್ರ ತಡಕೊಳ್ಳೂದು ಕಠಿಣ ಐತ್ರಿ, ವಯಸ್ಸಾತು" ಎಂದರು. ಒಳಗೆ ಹೋದರೆ ಆಕೆ ಮಂಚದ ಮೇಲೆ ಮಲಗಿ, "ಈ ದವಾಖಾನ್ಯಾಗೂ ನಳದ ನೀರ ಕೊಡ್ತಾರ್ರಿ, ಅದಕ್ಕ ಲಗೂ ಆರಾಮ ಆಗವಲ್ದು" ಎಂದು ಹೇಳುತ್ತಿದ್ದಳು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು, ಆದರೂ ನಗು ಬಂತು.

ಅದು ಹೇಗೆ ಬಗೆಹರಿಯಿತು ಎಂದು ಕಡೆಗೆ ಹೇಳುತ್ತೇನೆ. ಅದಕ್ಕೂ ಮೊದಲು ಹೊರಗಿನ ಮಂದಿ.

ಕಚ್ಚಾ ಬಣ್ಣ

ನೀರಿನಲ್ಲಿ ಔಷಧ ಉಳಿದಿದೆಯೋ ಇಲ್ಲವೋ ನೋಡಲು ನಮ್ಮ ಹತ್ತಿರ ಒಂದು ಗಾಜಿನ ನಳಿಕೆ ಮತ್ತು ಒಂದು ಸಣ್ಣ ಶೀಶೆ ಇರುತ್ತವೆ. ನಳಿಕೆಯಲ್ಲಿ ನೀರು ಹಿಡಿದು ಶೀಶೆಯಿಂದ ನಾಲ್ಕು ಹನಿ ಬಿಟ್ಟರೆ ನೀರು ಹಳದಿಯಾಗಬೇಕು. ಹಳದಿಯಾದರೆ ಕುಡಿಯಬಹುದು. ಆಗದಿದ್ದರೆ ನಮ್ಮ ಮುಖದ ಬಣ್ಣ ಹೋಗುತ್ತದೆ.

ಗಜೇಂದ್ರಗಡದಲ್ಲಿ ನನಗೆ ನೇಕಾರರ ಓಣಿ ಬಹಳ ಇಷ್ಟ. ಬೆಳಿಗ್ಗೆ ಎಳೆ ಬಿಸಿಲು ಗುಡ್ಡದಿಂದ ಇಳಿಯುವ ಹೊತ್ತಿಗೆ ಮನೆಮನೆಯಿಂದ ಮಗ್ಗದ ಸಪ್ಪಳ ಬರುತ್ತದೆ. ಬಣ್ಣ ಹಾಕಿದ ನೂಲಿನ ಲಡಿಗಳು ಓಣಿ ತುಂಬ ಒಣಗುತ್ತಿರುತ್ತವೆ. ಒಂದು ದಿನ ಅಲ್ಲಿ ಒಬ್ಬ ಮುದುಕ ನೇಕಾರರ ಮನೆಯ ನಳದ ಹತ್ತಿರ ಕೂತು ಹನಿ ಬಿಟ್ಟೆ. ನೀರು ಚೆಂದಾಗಿ ಹಳದಿಯಾಯಿತು. ಮುದುಕರು ಮಗ್ಗ ಬಿಟ್ಟು ಎದ್ದುಬಂದು ನಳಿಕೆಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಬಣ್ಣ ಚಲೋ ಕೂತೈತಿ ತಮ್ಮಾ. ಇದು ಏನು ಹೇಳತೈತಿ?"

"ನೀರು ಸ್ವಚ್ಛ ಐತಿ ಅಂತ ಹೇಳತೈತಿ ಅಜ್ಜಾರ."

"ಇಷ್ಟು ಹೊತ್ತು ತಿಳಿ ಇತ್ತು. ನೀ ಬಂದು ಬಣ್ಣ ಹಚ್ಚಿದ ಮ್ಯಾಲೆ ಸ್ವಚ್ಛ ಆತೇನು?"

ನಾನು ಸಾವಧಾನವಾಗಿ ವಿವರಿಸಿದೆ. ಅವರೂ ಸಾವಧಾನವಾಗಿ ಕೇಳಿದರು. ಕಡೆಗೆ, "ಸಂಜಿಮುಂದ ನಮ್ಮ ಹಿರೇಸೊಸಿ ಬರತಾಳ, ಆಕಿಗೂ ತೋರಸ್ತೀನಿ, ಇದನ್ನ ಇಲ್ಲೇ ಇಟ್ಟು ಹೋಗು" ಎಂದು ನಳಿಕೆಯನ್ನು ಕಿಟಕಿಯಲ್ಲಿಟ್ಟರು. ಒಂದು ಮನೆಯಾದರೂ ನಂಬಿತಲ್ಲ ಎಂದು ನಾನು ಆ ದಿನವೆಲ್ಲ ಹಿಗ್ಗಿನಲ್ಲಿ ತಿರುಗಿದೆ.

ಮರುದಿನ ನಳಿಕೆ ತರಲು ಹೋದರೆ ಮುದುಕರು ಮುಖ ಸಿಂಡರಿಸಿಕೊಂಡು ಕೂತಿದ್ದರು. ನಳಿಕೆಯಲ್ಲಿ ನೀರು ತಿಳಿಯಾಗಿತ್ತು. ಇಡೀ ದಿನ ಬಿಸಿಲಿಗಿಟ್ಟರೆ ಆ ಹಳದಿ ಉಳಿಯುವುದಿಲ್ಲ.

"ನೋಡು ತಮ್ಮಾ, ಒಂದು ಬಿಸಿಲಿಗೆ ಹಾರಿಹೋತು. ನಾವು ಹಿಂಥಾ ಕಚ್ಚಾ ಬಣ್ಣ ಹಾಕಿ ಸೀರಿ ಕೊಟ್ರ ಮಂದಿ ಮನಿಗೆ ಬಂದು ಬಡೀತಾರ. ಸರಕಾರದವ್ರು ನೀವು, ಒಂದು ಪಕ್ಕಾ ಬಣ್ಣ ತರಾಕ ಆಗೂದಿಲ್ಲೇನು?"

ಬೇಳೆಯ ತೀರ್ಪು

ನರಗುಂದದಲ್ಲಿ ನಮ್ಮ ನಳಿಕೆಗೆ ಬೆಲೆ ಇರಲಿಲ್ಲ. ಅಲ್ಲಿ ಒಂದು ಓಣಿಯಲ್ಲಿ ನೀರಿನ ತೀರ್ಪು ಕೊಡುವವರು ಕಿರಾಣಿ ಸಾವಕಾರರ ಹೆಂಡತಿ. ನಳ ಬಂದ ದಿನ ಮೊದಲ ಕೊಡ ಅವರದು. ಆ ನೀರಿನಲ್ಲಿ ಒಂದು ಮುಷ್ಟಿ ತೊಗರಿಬೇಳೆ ಒಲೆಗಿಡುತ್ತಿದ್ದರು. ಬೇಳೆ ಬೆಂದರೆ ಹೊರಗೆ ಬಂದು, "ಕುಡೀರಿ" ಎನ್ನುತ್ತಿದ್ದರು. ಆಮೇಲೆ ಓಣಿ ಕುಡಿಯುತ್ತಿತ್ತು. ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎನ್ನುವುದು ಖರೇನೇ. ಆದರೆ ಬೇಳೆಗೆ ರೋಗದ ಕ್ರಿಮಿ ಕಾಣುವುದಿಲ್ಲ ಎಂದು ನಾನು ಹೇಳಿದರೆ, "ನಿಮ್ಮ ಕಣ್ಣಿಗೆ ಕಾಣತಾವೇನ್ರಿ?" ಎಂದು ಕೇಳುತ್ತಿದ್ದರು.

ಒಂದು ದಿನ ಬೇಳೆ ಬೇಯಲಿಲ್ಲ. ಒಂದು ತಾಸು ಕಳೆಯಿತು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಫಲಿತಾಂಶ ಕಾಯುವವರಂತೆ ಬಾಗಿಲ ಕಡೆ ನೋಡುತ್ತಿದ್ದರು. ಕಡೆಗೆ ಅಕ್ಕಾರು ಹೊರಗೆ ಬಂದು, "ಚಲ್ರಿ" ಎಂದರು. ನಲವತ್ತು ಮನೆಯವರು ತುಂಬಿಟ್ಟ ನೀರನ್ನೆಲ್ಲ ಗಟಾರಿಗೆ ಚೆಲ್ಲಿದರು. ಎಂಟು ದಿನಕ್ಕೊಮ್ಮೆ ಬರುವ ನೀರು ಅದು. ಓಣಿಯಲ್ಲಿ ಹೊಳೆಯೇ ಹರಿಯಿತು. ಅಷ್ಟು ದೂರದಿಂದ ಕತ್ತಲಲ್ಲಿ ಬಂದ ನೀರು ಬೆಳಕು ಕಂಡ ಗಳಿಗೆಯಲ್ಲೇ ಗಟಾರಿಗೆ ಹೋಯಿತಲ್ಲ ಎಂದು ನನಗೆ ಕಣ್ಣಲ್ಲಿ ನೀರೇ ಬಂತು.

ನಳಿಕೆ ತೆಗೆದೆ. ನಾಲ್ಕು ಕಡೆ ಹನಿ ಬಿಟ್ಟೆ. ನಾಲ್ಕೂ ಹಳದಿ. "ಅಕ್ಕಾರ, ನೀರು ಚಲೋ ಐತ್ರಿ. ಬ್ಯಾಳಿ ಯಾವುದ್ರಿ?" ಎಂದೆ.

ಆಗ ಸಾವಕಾರರು ಬಂದು ನನ್ನ ರಟ್ಟೆ ಹಿಡಿದು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದರು. ತಣ್ಣಗೆ ಹೇಳಿದರು.

"ಬ್ಯಾಳಿ ಸುದ್ದಿ ತಗೀಬ್ಯಾಡ್ರಿ. ಮೂರು ವರ್ಷದ ಹಳೀ ಮಾಲ. ನೀರ ಕೆಟ್ಟೈತಿ ಅಂತ ಹೇಳಿ ಹೋಗಿಬಿಡ್ರಿ."

"ನೀರು ಕೆಟ್ಟೈತಿ ಅಂದ್ರ ನನ್ನ ನೌಕರಿ ಹೋಗತೈತ್ರಿ ಸಾವಕಾರ್ರ."

"ಬ್ಯಾಳಿ ಕೆಟ್ಟೈತಿ ಅಂದ್ರ ನನ್ನ ಅಂಗಡಿ ಹೋಗತೈತಿ. ಮ್ಯಾಲೆ, ಅದನ್ನ ಮನ್ಯಾಗೂ ಹಾಕೀನಿ ಅಂತ ಆಕಿಗೆ ಗೊತ್ತಾದ್ರ ನಾನೂ ಹೋಗತೀನಿ."

ಇಬ್ಬರೂ ಗೋಣಿಚೀಲದ ಮೇಲೆ ಕೂತು ಸ್ವಲ್ಪ ಹೊತ್ತು ವಿಚಾರ ಮಾಡಿದೆವು. ಆಮೇಲೆ ನಾನು ಹೊರಗೆ ಬಂದು ಎಲ್ಲರ ಮುಂದೆ ಗಂಭೀರವಾಗಿ ಹೇಳಿದೆ. "ನೀರಿಂದೇನೂ ತಪ್ಪಿಲ್ಲ, ಬ್ಯಾಳಿದೂ ತಪ್ಪಿಲ್ಲ. ಗ್ಯಾಸಿನ ಸಿಲಿಂಡರ್ ಮುಗೀಲಿಕ್ಕೆ ಬಂದೈತಿ, ಉರಿ ಸಾಲವಲ್ದು." ಅಕ್ಕಾರು ತಲೆಯಾಡಿಸಿದರು. ಹೊರಗಿನ ತಪ್ಪು ಸಿಕ್ಕಿದ್ದಕ್ಕೆ ಅವರಿಗೂ ಸಮಾಧಾನವಾಗಿತ್ತು. ಸಾವಕಾರರು ಆ ಸಂಜೆ ನನಗೆ ಎರಡು ಕಿಲೋ ಬೇಳೆ ಕಳಿಸಿದರು. ಅದು ಇವತ್ತಿಗೂ ಬೆಂದಿಲ್ಲ.

ಅರಿವೆ

ರೋಣದ ಹತ್ತಿರದ ಬೆಳವಣಕಿಯಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರಿದ್ದಾರೆ, ನನಗೆ ಮಾವನಾಗಬೇಕು. ದೊಡ್ಡ ಹೊಲ, ದೊಡ್ಡ ಮನೆ, ದೊಡ್ಡ ದನಿ. ಹಸಿ ಕಡಲೆಯ ಸುಲಗಾಯಿ ತಿನ್ನಲು ಬಾ ಎಂದು ಕರೆದಿದ್ದರು. ಹೋಗಿ ಕೂತು ಮೊದಲ ಕಾಯಿ ಸುಲಿಯುವ ಮೊದಲೇ ಶುರುಮಾಡಿದರು.

"ನಿಮ್ಮ ನೀರಾಗ ರಾಡಿ ಬರತೈತೋ. ಆರು ತಿಂಗಳಾತು. ಅದಕ್ಕ ನಳಕ್ಕ ಅರಿವಿ ಕಟ್ಟೀನಿ."

ಎದ್ದು ನೋಡಿದೆ. ನಳದ ಬಾಯಿಗೆ ಅವರ ಹಳೇ ರುಮಾಲಿನ ತುಂಡು ನಾಲ್ಕು ಸುತ್ತು ಬಿಗಿದಿತ್ತು. ಯಾವತ್ತೂ ಬಿಚ್ಚಿ ತೊಳೆದದ್ದಲ್ಲ. ಒಳಗೆ ಕೈಬೆರಳಿನಷ್ಟು ಪಾಚಿ ಬೆಳೆದಿತ್ತು. ಅರಿವೆ ಬಿಚ್ಚಿ ನಳ ತಿರುವಿದೆ. ಕನ್ನಡಿಯಂಥ ನೀರು ಬಂತು. ಬಿಸಿಲು ಅದರೊಳಗೆ ಇಳಿದು ಆಡುವುದನ್ನು ನೋಡುತ್ತ ನಾನು ಮೈಮರೆತು ನಿಂತೆ.

"ಮಾವಾರ, ರಾಡಿ ಅರಿವ್ಯಾಗ ಇತ್ತು. ನೀರಾಗ ಇರಲಿಲ್ಲ."

ಮಾವ ನೀರನ್ನು ನೋಡಿದರು, ಅರಿವೆಯನ್ನು ನೋಡಿದರು, ಬಹಳ ಹೊತ್ತು ವಿಚಾರ ಮಾಡಿದರು.

"ಹೌದಲ್ಲೋ. ಇಷ್ಟು ರಾಡಿ ಅರಿವ್ಯಾಗ ಇತ್ತು ಅಂದ್ರ, ಅರಿವಿ ಇರಲಾರದ ಇದ್ರ ಎಲ್ಲಾ ನಮ್ಮ ಹೊಟ್ಟ್ಯಾಗ ಹೋಗತಿತ್ತು." ಎಂದವರು ಅದೇ ಅರಿವೆಯನ್ನು ಮತ್ತೆ ಬಿಗಿದು ಕಟ್ಟಿದರು. ಈ ಸಲ ಐದು ಸುತ್ತು.

ಕಂದು ಬಾಟಲಿ

ಈಗ ನಮ್ಮ ಮನೆಗೆ ಬರುತ್ತೇನೆ.

ರೋಣದಲ್ಲಿ ನಮ್ಮ ಮನೆಯ ನಳ ಊರಿನ ಪೈಪಿನ ಕೊನೆಯ ನಳ. ಔಷಧ ಕೊನೆಯ ತನಕ ಮುಟ್ಟಿದೆಯೋ ಎಂದು ತಿಳಿಯಲು ತಿಂಗಳಿಗೊಮ್ಮೆ ಅಲ್ಲಿಂದಲೇ ಒಂದು ಕಂದು ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆಗೆಂದು ಗದಗಿಗೆ ಕಳಿಸಬೇಕು. ನಳದ ಬಾಯಿಯನ್ನು ಬೆಂಕಿಯಿಂದ ಸುಟ್ಟು, ಎರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಒಳಗೆ ಕೈ ತಾಗದಂತೆ ತುಂಬಬೇಕು. ಇದನ್ನು ನಾನು ಯಾವಾಗಲೂ ಪೂಜೆಯಂತೆ ಮಾಡುತ್ತೇನೆ.

ಈ ವರ್ಷ ಮಳೆಗಾಲದ ಮೊದಲ ತಿಂಗಳಲ್ಲಿ, ಬಾಟಲಿ ತುಂಬುವ ದಿನ ಬೆಳಿಗ್ಗೆಯೇ ಸಂತೆ ಬಯಲಿನ ಹತ್ತಿರ ಪೈಪು ಒಡೆದ ಸುದ್ದಿ ಬಂತು. ಗದಗಿನ ಬಸ್ಸು ಒಂಬತ್ತಕ್ಕೆ. ನಾನು ಒಂದು ಕಾಲು ಹೊಸ್ತಿಲ ಹೊರಗಿಟ್ಟು ಹೆಂಡತಿಗೆ ಹೇಳಿದೆ. "ಆ ಕಂದು ಬಾಟ್ಲಿಗೆ ನೀರು ತುಂಬಿ ಇಡು. ಕಚೇರಿಯವ್ರು ಬಂದು ಒಯ್ತಾರ. ಗದಗಿನ ದೊಡ್ಡ ಸಾಹೇಬ್ರಿಗೆ ಹೋಗೂದು ಐತಿ, ಚಂದಾಗಿ ತುಂಬು." ನಿಯಮ ಮುರಿದದ್ದು ನಾನೇ. ಅದನ್ನು ಒಪ್ಪಿಕೊಳ್ಳುತ್ತೇನೆ.

ನಾಲ್ಕು ದಿನಕ್ಕೆ ವರದಿ ಬಂತು. ಔಷಧ: ಇಲ್ಲ. ನೋಟ: ತುಸು ಮಸುಕು. ಕ್ರಿಮಿ: ಇವೆ. ಕೆಳಗೆ ಕೆಂಪು ಮಸಿಯಲ್ಲಿ, ಕುಡಿಯಲು ಯೋಗ್ಯವಲ್ಲ. ವಾಸನೆ ಎಂಬ ಕಾಲಮಿನಲ್ಲಿ ಮಾತ್ರ ಯಾರೋ ಏನೋ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದರು. ಹಿತಕರ.

ನಮ್ಮ ಸಾಹೇಬರು ವರದಿಯನ್ನು ಮೇಜಿನ ಮೇಲಿಟ್ಟು, "ಇಪ್ಪತ್ತೆಂಟು ವರ್ಷದಾಗ ಹಿಂಗ ಆಗಿರಲಿಲ್ಲಲ್ರಿ. ಎಲ್ಲೆ ಗಟಾರ ಕೂಡೈತಿ, ಹುಡುಕ್ರಿ. ಸಿಗಲಿಲ್ಲ ಅಂದ್ರ ನಿಮ್ಮ ಮ್ಯಾಲೆ ಬರಿಯೂದು ಆಗತೈತಿ" ಎಂದರು. ಆ ಸಂಜೆಯೇ ಒಂದು ಆಟೋ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗಿತು. ನಳದ ನೀರು ಕುದಿಸದೆ ಕುಡಿಯಬೇಡಿರಿ ಎಂದು ಸಾರಿತು.

ನಮ್ಮ ಬಾಗಿಲ ಮುಂದೆ ಆಟೋ ಬಂದಾಗ ಹೆಂಡತಿ ಹೊರಗೆ ಬಂದು ಪೂರ್ತಿ ಕೇಳಿದಳು. "ನಾ ಹೇಳಿರಲಿಲ್ಲೇನ್ರಿ? ಈಗ ನಿಮ್ಮವ್ರ ಒದರಿ ಹೇಳಾಕತ್ಯಾರ" ಎಂದವಳು ಕೊಡ ಎತ್ತಿಕೊಂಡು ಕೆರೆಗೆ ಹೊರಟಳು. ಆಕೆಯ ಹಿಂದೆ ಆ ದಿನ ಓಣಿಯ ಇನ್ನೂ ಆರು ಹೆಂಗಸರು ಹೋದರು. ಕೆರೆಗೆ ಹೊಸ ನೀರು ಬಂದು ಮೂರು ದಿನವಾಗಿತ್ತು. ಡಾಕ್ಟರರ ಮಾತು ನನ್ನ ಕಿವಿಯಲ್ಲೇ ಇತ್ತು.

ಐದು ದಿನ ನಾನು ಸಲಾಕೆ ಹಿಡಿದುಕೊಂಡು ಪೈಪಿನುದ್ದಕ್ಕೂ ಕಿವಿ ಹಚ್ಚುತ್ತ ತಿರುಗಿದೆ. ಎಲ್ಲಿ ಹನಿ ಬಿಟ್ಟರೂ ಹಳದಿ. ಎಲ್ಲಿ ಕೇಳಿದರೂ ನೀರು ಮೊದಲಿನಂತೆ ಗುನುಗುತ್ತ ಹೋಗುತ್ತಿತ್ತು. ಗಟಾರ ಕೂಡಿದ ನೀರಿನ ವಾಸನೆ ಹಿತಕರ ಹೇಗಾಯಿತು ಎಂಬುದೊಂದೇ ನನ್ನ ತಲೆಯಲ್ಲಿ ಕೂತಿತ್ತು. ಊರಿನ ಕೆಳಗೆ ಯಾರಿಗೂ ಗೊತ್ತಿಲ್ಲದ ಒಂದು ಹೂವಿನ ತೋಟವಿದೆ, ನಮ್ಮ ನೀರು ಅಲ್ಲಿ ಹಾದು ಬರುತ್ತದೆ ಎಂದೆಲ್ಲ ಅನಿಸತೊಡಗಿತು. ಒಂದು ಮಧ್ಯಾಹ್ನ ನೆಲಕ್ಕೆ ಮೂಗು ಹಚ್ಚಿ ಮೂಸುತ್ತ ಕೂತದ್ದನ್ನು ಯಾರೋ ನೋಡಿ ಸಾಹೇಬರಿಗೆ ಫೋನು ಮಾಡಿದರು.

ಆರನೆಯ ದಿನ ಊಟಕ್ಕೆ ಕೂತೆ. ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟೆ. "ಒಂದು ಬಾಟ್ಲಿ ನೀರು ನನ್ನ ಮಾನ ಕಳೀತು ನೋಡು" ಎಂದೆ.

ಆಕೆ ಪಲ್ಯ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಯಾವ ಬಾಟ್ಲಿ? ನಾ ತುಂಬಿದ್ದ?"

"ಹೂಂ. ಅದ."

"ಅದರಾಗ ನಳದ ನೀರು ಎಲ್ಲೆ ಇತ್ರಿ?"

"ಮತ್ತ ಯಾವ ನೀರು ತುಂಬಿದಿ?" ಎಂದೆ.

"ದೊಡ್ಡ ಸಾಹೇಬ್ರಿಗೆ ಹೋಗೂದು ಐತಿ, ಚಂದಾಗಿ ತುಂಬು ಅಂತ ನೀವ ಹೇಳಿದ್ರಿ. ತಿಂಗಳ ತಿಂಗಳ ನೀವು ತುಂಬೂದು ಯಾರಿಗಂತ ನನಗೇನು ಗೊತ್ತಿತ್ತು? ದೊಡ್ಡ ಮಂದಿಗೆ ಕುಡ್ಯಾಕ ನಳದ ನೀರು ಕಳಸೂದೇನ್ರಿ? ನಮ್ಮ ಮನಿ ಮರ್ಯಾದಿ ಏನು ಉಳೀತೈತಿ? ಕೆರಿ ನೀರು ಎರಡು ಸಲ ಸೋಸಿ ತುಂಬೀನಿ."

ವರದಿಯ ವಾಸನೆಯ ಕಾಲಮು ನೆನಪಾಯಿತು. "ಬರೇ ನೀರಷ್ಟ ಹಾಕಿದೇನು?"

"ಬರೇ ನೀರು ಹ್ಯಾಂಗ ಕೊಡೂದ್ರಿ? ಎರಡು ಯಾಲಕ್ಕಿ ಜಜ್ಜಿ ಹಾಕೀನಿ."

ಹೂವಿನ ತೋಟ ಅಲ್ಲಿಗೆ ಮುಗಿಯಿತು. ನಾನು ನಗಲಿಕ್ಕೆ ಶುರುಮಾಡಿದೆ. ನಕ್ಕು ನಕ್ಕು ಕಣ್ಣೀರು ಬಂತು, ಆಮೇಲೆ ಅದು ಬರೀ ಕಣ್ಣೀರಾಯಿತು. ಆಕೆ ಗಾಬರಿಯಾಗಿ ತಂಬಿಗೆ ಮುಂದಿಟ್ಟಳು. ಅದೂ ಕೆರೆಯ ನೀರು.

ಮರುದಿನ ಸಾಹೇಬರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು ನಿಯಮ ಮುರಿದದ್ದಕ್ಕೆ ನನ್ನ ಕೈಗೊಂದು ನೋಟೀಸು ಕೊಟ್ಟರು. ಕೊಟ್ಟ ಮೇಲೆ, "ನಾನೂ ಎರಡು ಸಲ ನಿಮ್ಮ ಮನಿಗೆ ಬಂದೀನಿ. ನನಗ ಒಮ್ಮೆನೂ ಯಾಲಕ್ಕಿ ಹಾಕಿ ಕೊಡಲಿಲ್ಲಲ್ರಿ" ಎಂದರು. ಎರಡನೆಯ ಬಾಟಲಿಯನ್ನು ಅವರೇ ನಿಂತು ತುಂಬಿಸಿದರು. ವರದಿ ಬಂತು. ಔಷಧ ಇದೆ, ಕ್ರಿಮಿ ಇಲ್ಲ, ಕುಡಿಯಲು ಯೋಗ್ಯ. ಆಟೋ ಮತ್ತೆ ತಿರುಗಿ, ನಳದ ನೀರು ಕುಡಿಯಿರಿ ಎಂದು ಸಾರಿತು.

ಆ ಸಂಜೆ ಎರಡೂ ವರದಿಗಳನ್ನು ಮನೆಗೆ ತಂದು, ಅಂಗಿ ಗಿಡಕ್ಕೆ ಹಾಕಿ, ಹೆಂಡತಿಯನ್ನು ಹತ್ತಿರ ಕೂಡಿಸಿಕೊಂಡು ಸಾಲು ಸಾಲಾಗಿ ಓದಿದೆ. ಆಕೆ ಗಲ್ಲಕ್ಕೆ ಕೈಹಚ್ಚಿ ಕೇಳಿದಳು.

"ಅಂದ್ರ ನಪಾಸಾದದ್ದು ನನ್ನ ನೀರ?"

"ಹೌದು."

"ಸಾಲ್ಯಾಗ ಒಮ್ಮೆನೂ ನಪಾಸಾಗಿದ್ದಿಲ್ಲ ನಾ" ಎಂದಳು. ಹೊರಗೆ ಸಣ್ಣಗೆ ಮಳೆ ಹಿಡಿದಿತ್ತು. ಬಚ್ಚಲ ಹತ್ತಿರದ ಹಂಡೆಗೆ ನಳದ ನೀರು ಬೀಳುವ ಸಪ್ಪಳ ಒಂದೇ ಕೇಳುತ್ತಿತ್ತು. ಅಷ್ಟು ದೂರದಿಂದ ಬಂದ ನೀರು ನಮ್ಮ ಮನೆಯಲ್ಲಿ ಏನು ಹೇಳುತ್ತಾರೋ ಎಂದು ಕಾಯುತ್ತಿದೆ ಅನಿಸಿತು. ನಾನೂ ಕಾದೆ. "ನಿನ್ನ ಹೊಟ್ಟಿ ಸಲುವಾಗಿ ನನಗ ಭಾಳ ಹೆದರಿಕಿ ಆಗೈತಿ" ಎಂದೆ. ಇಷ್ಟು ವರ್ಷ ಔಷಧ, ಕ್ರಿಮಿ ಎಂದೆಲ್ಲ ಹೇಳಿದ್ದೆ, ಇದೊಂದನ್ನೇ ಹೇಳಿರಲಿಲ್ಲ.

ಆಕೆ ಎದ್ದಳು. ವಾಟಗದಲ್ಲಿ ನಳದ ನೀರು ಹಿಡಿದಳು. ಮೂಸಿದಳು. ಕಣ್ಣು ಮುಚ್ಚಿ ಗಟಗಟ ಕುಡಿದು ವಾಟಗ ಕೆಳಗಿಟ್ಟಳು.

"ಹ್ಯಾಂಗೈತಿ?"

"ನಿಮ್ಮ ಅಂಗಿ ವಾಸನಿ ಬರತೈತಿ."

"ಅಂದ್ರ, ಕುಡ್ಯಾಕ ಆಗೂದಿಲ್ಲೇನು?"

"ಇಪ್ಪತ್ತೆಂಟು ವರ್ಷ ಆ ಅಂಗಿ ಕೂಡ ಸಂಸಾರ ಮಾಡೀನಿ. ಒಂದು ವಾಟಗ ನೀರು ಏನು ದೊಡ್ಡ ಮಾತ್ರಿ" ಎಂದಳು. ಎಂದವಳು ಹೊರಗೆ ಹೋಗಿ, ಮಳೆಯಲ್ಲಿ ತೊಯ್ಯುತ್ತಿದ್ದ ನನ್ನ ಅಂಗಿಯನ್ನು ಗಿಡದಿಂದ ತೆಗೆದು ತಂದು ಮೊದಲ ಸಲ ಒಳಗೆ ಗೂಟಕ್ಕೆ ಹಾಕಿದಳು. ಆ ಮಳೆಗಾಲ ನಾವು ದವಾಖಾನಿಯ ಮುಖ ನೋಡಲಿಲ್ಲ.

ಅಂಗಿ ಹಾಕಿ ಬಂದು ಮತ್ತೆ ಹತ್ತಿರ ಕೂತಳು. ಹೊಸ ವರದಿಯ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

"ಈ ವಾಸನಿ ಅಂಬೂದರ ಮುಂದ ಏನು ಬರದಾರ್ರಿ ಈ ಸಲ?"

"ಇಲ್ಲ ಅಂತ ಬರದಾರ."

ಆಕೆ ನಿಟ್ಟುಸಿರು ಬಿಟ್ಟಳು.

"ಪಾಪ, ದೊಡ್ಡ ಸಾಹೇಬ್ರಿಗೆ ಈ ಸಲ ಸಪ್ಪಗ ಅನಿಸಿರಬೇಕು."